ರಕ್ತದ ಸೋಂಕು: ಒಂದು ಗಂಟೆಯ ರಿಪೋರ್ಟ್ ಹೇಳದೆ ಬಿಡುವ ಮಾತು

ನಮ್ಮ ವಡಗೇರಾದಲ್ಲಿ ಯಾರ ಮನೆಗೆ ಲ್ಯಾಬಿನ ರಿಪೋರ್ಟ್ ಬಂದರೂ ಅದು ಒಮ್ಮೆ ನನ್ನ ಕೈಗೆ ಬಂದೇ ಹೋಗುತ್ತದೆ. ನಾನು ಡಾಕ್ಟರಳಲ್ಲ. ಮೂವತ್ತು ವರ್ಷಗಳ ಹಿಂದೆ ಬಿ.ಎಸ್ಸಿ. ಮುಗಿಸಿ ಕೆಲವು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು, ಅಷ್ಟೆ. ಆದರೆ ಇಂಗ್ಲಿಷ್ ಓದಬಲ್ಲ ಹೆಂಗಸೊಬ್ಬಳು ಓಣಿಯಲ್ಲಿದ್ದರೆ ಆಕೆಯೇ ಅರ್ಧ ಡಾಕ್ಟರು. “ಖಾಲಾ, ಸ್ವಲ್ಪ ಇದನ್ನು ನೋಡ್ರಿ, ಛಲೋ ಬಂದದೇನು?” ಎಂದು ಹಾಳೆ ಮುಂದೆ ಹಿಡಿಯುತ್ತಾರೆ. ನಾನೂ ಕನ್ನಡಕ ಏರಿಸಿಕೊಂಡು ಓದಿ ಹೇಳುತ್ತೇನೆ. ಈ ಅರ್ಧ ಡಾಕ್ಟರಿಕೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನಂತಹ ಅರ್ಧ ಡಾಕ್ಟರುಗಳು ಪ್ರತಿಯೊಂದು ಊರಿನಲ್ಲಿಯೂ ಇರುವುದರಿಂದ ಇದು ನನ್ನೊಬ್ಬಳ ಕಥೆಯಾಗಿ ಉಳಿಯುವುದಿಲ್ಲ ಎಂದುಕೊಂಡಿದ್ದೇನೆ.

ಎರಡು ವರ್ಷಗಳ ಹಿಂದಿನ ಮಾತು. ನನ್ನ ತಂಗಿಯ ಮಗಳಿಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು. ಮಗು ಬಹಳ ಸಣ್ಣದು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಏಳನೆಯ ದಿನ ಅಕೀಕಾ ಮಾಡುವ ಸ್ಥಿತಿಯಿರಲಿಲ್ಲ, ಮುಂದೆ ನೋಡಿಕೊಂಡರಾಯಿತು ಎಂದು ಹಿರಿಯರು ಸಮಾಧಾನ ಹೇಳಿದರು. ಎಂಟು ದಿನ ಚೆನ್ನಾಗಿಯೇ ಇದ್ದ ಮಗು ಒಂಬತ್ತನೆಯ ದಿನ ನಳಿಗೆಯಲ್ಲಿ ಕೊಟ್ಟ ತಾಯಿಯ ಹಾಲನ್ನು ಜೀರ್ಣಿಸಿಕೊಳ್ಳಲಿಲ್ಲ. ಮೈ ತಣ್ಣಗಾಯಿತು, ನಡುನಡುವೆ ಉಸಿರು ನಿಲ್ಲತೊಡಗಿತು. ರಕ್ತಕ್ಕೆ ಸೋಂಕು ಹತ್ತಿದೆ ಎಂದು ಡಾಕ್ಟರಮ್ಮ ಹೇಳಿದರು. ಒಂದು ಮಿಲಿ ಲೀಟರಿನಷ್ಟು ರಕ್ತವನ್ನು ತೆಗೆದು ಪುಟ್ಟ ಬಾಟಲಿಗೆ ಹಾಕಿ, ಆಮೇಲೆ ಮೆರೊಪೆನೆಮ್ ಎಂಬ ಔಷಧಿ ಆರಂಭಿಸಿದರು.

ಮರುದಿನ ಮಧ್ಯಾಹ್ನ ಒಂದು ರಿಪೋರ್ಟ್ ಬಂತು. ಜೀನ್ ಪರೀಕ್ಷೆ, ಒಂದೇ ಗಂಟೆಯಲ್ಲಿ ಫಲಿತಾಂಶ, ಸಾವಿರಾರು ರೂಪಾಯಿಯದ್ದು. ತಂಗಿ ಅದರ ಫೋಟೋವನ್ನು ನನ್ನ ಮೊಬೈಲಿಗೆ ಕಳಿಸಿದಳು. ಮೇಲೆ ರೋಗಾಣುವಿನ ಹೆಸರು: ಅಸಿನೆಟೋಬ್ಯಾಕ್ಟರ್. ಕೆಳಗೆ ‘ಔಷಧ ನಿರೋಧಕ ಜೀನ್‌ಗಳು’ ಎಂಬ ತಲೆಬರಹ, ಅದರಡಿ ಹತ್ತು ಸಾಲು. ಐದು ಸಾಲಿನ ಮುಂದೆ ‘ಪತ್ತೆಯಾಗಿಲ್ಲ’, ಇನ್ನೈದರ ಮುಂದೆ ‘ಅನ್ವಯಿಸುವುದಿಲ್ಲ’. ಒಂದರ ಮುಂದೆಯೂ ‘ಪತ್ತೆಯಾಗಿದೆ’ ಎಂದಿರಲಿಲ್ಲ. ನಾನು ತಡಮಾಡದೆ ಫೋನ್ ಮಾಡಿದೆ. “ಅಲ್‌ಹಮ್ದುಲಿಲ್ಲಾಹ್, ರಿಪೋರ್ಟ್ ಛಲೋ ಬಂದದ. ಈ ಕ್ರಿಮಿಗೆ ಔಷಧಿಯನ್ನು ಎದುರಿಸುವ ಶಕ್ತಿ ಇಲ್ಲ” ಎಂದೆ. ಮನೆಯಲ್ಲಿ ಎಲ್ಲರ ಜೀವ ಹಗುರಾಯಿತು.

ಅದೇ ಸಂಜೆ ಡಾಕ್ಟರಮ್ಮ ಔಷಧಿಯನ್ನು ಇಳಿಸುವ ಬದಲು ಇನ್ನೊಂದನ್ನು ಸೇರಿಸಿದರು. ಕೊಲಿಸ್ಟಿನ್. ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲ ಔಷಧಿ, ಪ್ರತಿದಿನ ಮಗುವಿನ ಮೂತ್ರ ಅಳೆಯಬೇಕು ಎಂದರು. ನಮ್ಮವರಿಗೆ ಸಿಟ್ಟು ಬಂತು. ರಿಪೋರ್ಟ್ ಸ್ವಚ್ಛವಾಗಿ ಬಂದ ಮೇಲೂ ಅಂಗೈಯಗಲದ ಮಗುವಿಗೆ ಇಂತಹ ಔಷಧಿ ಯಾಕೆ? ಬಿಲ್ಲು ಏರಿಸುವುದಕ್ಕೋ? ಅಳಿಯ ಸಹಿ ಹಾಕಲು ಹಿಂದೆಮುಂದೆ ನೋಡಿದ. ಹಾಗೆ ನೋಡುವ ಧೈರ್ಯ ಅವನಿಗೆ ಬಂದದ್ದು ನನ್ನ ಫೋನಿನಿಂದ.

ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. ರಿಪೋರ್ಟಿನ ಹಾಳೆಯನ್ನು ತಿರುಗಿಸಿ, ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಸಾಲೊಂದನ್ನು ಬೆರಳಿಟ್ಟು ತೋರಿಸಿದರಂತೆ. ನಿರೋಧಕ ಶಕ್ತಿ ಬೇರೆ ಬೇರೆ ದಾರಿಗಳಿಂದಲೂ ಬರಬಹುದು, ಜೀನ್ ಪತ್ತೆಯಾಗಿಲ್ಲ ಎಂದ ಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತದೆ ಎಂದು ತಿಳಿಯಬಾರದು, ರೋಗಾಣುವನ್ನು ಬೆಳೆಸಿಯೇ ನೋಡಬೇಕು ಎಂಬ ಅರ್ಥದ ಸಾಲು ಅದು. ಫೋಟೋದಲ್ಲಿ ಆ ಸಾಲು ಇತ್ತು. ನಾನು ಓದಿರಲಿಲ್ಲ. ಸಣ್ಣಕ್ಷರ ಓದುವ ಅಭ್ಯಾಸ ನಮಗೆಲ್ಲಿದೆ?

ಮಗು ಉಳಿಯಿತೇ ಎಂದು ನೀವು ಕೇಳುತ್ತೀರಿ. ಉಳಿಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಆ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿಯೋಣ.

ಬಾಟಲಿಯೇ ಮೊದಲು

ರಕ್ತದ ಸೋಂಕು ಸಣ್ಣ ಕಾಯಿಲೆಯಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 4.89 ಕೋಟಿ ಜನರಿಗೆ ಸೆಪ್ಸಿಸ್ ಆಗಿ, ಅವರಲ್ಲಿ 1.1 ಕೋಟಿ ಜನ ತೀರಿಹೋದರೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ರೋಗಿಗಳಲ್ಲಿ ಸುಮಾರು 2 ಕೋಟಿ ಐದು ವರ್ಷದೊಳಗಿನ ಮಕ್ಕಳು. ಇಲ್ಲಿ ಹೊತ್ತು ಬಹಳ ಮುಖ್ಯ. ರಕ್ತದೊತ್ತಡ ಕುಸಿದ ರೋಗಿಗೆ ಸರಿಯಾದ ಆ್ಯಂಟಿಬಯೋಟಿಕ್ ಸಿಗುವುದು ತಡವಾದಂತೆಲ್ಲ ಬದುಕುವ ಆಸೆ ಕಡಿಮೆಯಾಗುತ್ತ ಹೋಗುತ್ತದೆ. ಆದುದರಿಂದ ಡಾಕ್ಟರುಗಳು ರಿಪೋರ್ಟಿಗೆ ಕಾಯದೆ ಅಂದಾಜಿನ ಮೇಲೆ ಔಷಧಿ ಆರಂಭಿಸುತ್ತಾರೆ. ಆ ಅಂದಾಜು ಸರಿಯೋ ತಪ್ಪೋ ಎಂದು ತಿಳಿಯಲು ಹಳೆಯ ಕ್ರಮದಲ್ಲಿ ಎರಡು ಮೂರು ದಿನ ಬೇಕು.

ಆ ಹಳೆಯ ಕ್ರಮದ ಹೆಸರು ಬ್ಲಡ್ ಕಲ್ಚರ್. ರಕ್ತವನ್ನು ಪೌಷ್ಟಿಕ ದ್ರವವಿರುವ ಬಾಟಲಿಗೆ ಹಾಕಿ ಬೆಚ್ಚಗಿಡುತ್ತಾರೆ. ಮೊಸರಿಗೆ ಹೆಪ್ಪು ಹಾಕಿ ಇಟ್ಟ ಹಾಗೆ. ಒಳಗೆ ರೋಗಾಣು ಇದ್ದರೆ ಬೆಳೆದು ಅನಿಲ ಬಿಡುತ್ತದೆ, ಯಂತ್ರ ಅದನ್ನು ಗುರುತಿಸಿ ಗಂಟೆ ಬಾರಿಸುತ್ತದೆ. ಅನಂತರ ಆ ರೋಗಾಣುವನ್ನು ತಟ್ಟೆಯ ಮೇಲೆ ಬೆಳೆಸಿ ಒಂದೊಂದೇ ಔಷಧಿಯ ಎದುರಿಗಿಟ್ಟು ಯಾವುದಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂದು ನೋಡುತ್ತಾರೆ. ನಿಧಾನ ನಿಜ. ಆದರೆ ಇಲ್ಲಿ ರೋಗಾಣು ತಾನೇ ಉತ್ತರ ಹೇಳುತ್ತದೆ.

ಹೊಸ ಜೀನ್ ಪರೀಕ್ಷೆ ಹಾಗಲ್ಲ. ಕೊರೋನಾ ಕಾಲದ ಆರ್‌ಟಿ-ಪಿಸಿಆರ್ ನಿಮಗೆಲ್ಲ ನೆನಪಿರಬೇಕು. ಅದೇ ಜಾತಿಯದ್ದು. ಇಂತಿಂತಹ ರೋಗಾಣುವಿನ ಜೀನ್ ಇದೆಯೇ, ಇಂತಿಂತಹ ನಿರೋಧಕ ಜೀನ್ ಇದೆಯೇ ಎಂದು ಮೊದಲೇ ಬರೆದಿಟ್ಟ ಪಟ್ಟಿಯನ್ನು ಹಿಡಿದು ಹುಡುಕುತ್ತದೆ. ಬಯೋಫೈರ್ ಕಂಪೆನಿಯ ಮೊದಲ ರಕ್ತ ಪ್ಯಾನೆಲ್‌ಗೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು, ಎರಡನೆಯದಕ್ಕೆ 2020ರಲ್ಲಿ. ಎರಡನೆಯ ಪಟ್ಟಿಯಲ್ಲಿ 43 ಹೆಸರುಗಳಿವೆ: 33 ರೋಗಾಣುಗಳು, 10 ನಿರೋಧಕ ಜೀನ್‌ಗಳು. ಫಲಿತಾಂಶಕ್ಕೆ ಸುಮಾರು ಒಂದು ಗಂಟೆ ಸಾಕು.

ಆದರೆ ಈ ಒಂದು ಗಂಟೆ ಶುರುವಾಗುವುದು ಯಾವಾಗ? ಬಾಟಲಿಯ ಗಂಟೆ ಬಾರಿಸಿದ ಮೇಲೆ! ಇದು ನನಗೂ ಗೊತ್ತಿರಲಿಲ್ಲ. ಸೂಜಿಯಿಂದ ತೆಗೆದ ರಕ್ತವನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ ಎಂದುಕೊಂಡಿದ್ದೆ. ರಕ್ತದ ಸೋಂಕಿನಲ್ಲಿ ಒಂದು ಮಿಲಿ ಲೀಟರ್ ರಕ್ತದೊಳಗೆ ಅನೇಕ ಸಲ ಒಂದೋ ಎರಡೋ ರೋಗಾಣು ಮಾತ್ರ ಇರುತ್ತವೆ, ಕೆಲವೊಮ್ಮೆ ಒಂದೂ ಇರುವುದಿಲ್ಲ. ದೊಡ್ಡವರಿಗೆ ಇಪ್ಪತ್ತು ಮಿಲಿ ಲೀಟರಿನಷ್ಟು ರಕ್ತ ತೆಗೆದು ಎರಡು ಬಾಟಲಿಗಳಿಗೆ ಹಾಕುವುದು ಇದೇ ಕಾರಣಕ್ಕೆ. (“ಇಷ್ಟೊಂದು ರಕ್ತ ಯಾಕೆ ಎಳೀತೀರಿ?” ಎಂದು ನರ್ಸಮ್ಮನ ಜೊತೆ ಜಗಳಾಡಿದವರಲ್ಲಿ ನಾನೂ ಒಬ್ಬಳು.) ರೋಗಾಣು ಬಾಟಲಿಯಲ್ಲಿ ಲಕ್ಷಗಟ್ಟಲೆ ಆದ ಮೇಲೆಯೇ ಯಂತ್ರಕ್ಕೆ ಅದು ಕಾಣುತ್ತದೆ. ಅದಕ್ಕೆ ಹನ್ನೆರಡು ಗಂಟೆಯಾಗಬಹುದು, ಒಂದು ದಿನವಾಗಬಹುದು, ಕೆಲವು ರೋಗಾಣುಗಳಿಗೆ ಇನ್ನೂ ಹೆಚ್ಚು. ರಕ್ತ ತೆಗೆಯುವ ಮೊದಲೇ ಓಣಿಯ ಡಾಕ್ಟರರಿಂದ ಎರಡು ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ಬಾಟಲಿಯಲ್ಲಿ ಏನೂ ಬೆಳೆಯದೆಯೂ ಇರಬಹುದು. ಬಾಟಲಿ ಸುಮ್ಮನಿದ್ದರೆ ಈ ದುಬಾರಿ ಯಂತ್ರವೂ ಸುಮ್ಮನೆ.

ಹತ್ತು ಫೋಟೋಗಳ ಕಾವಲುಗಾರ

ಮದುವೆ ಮನೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಹತ್ತು ಕಳ್ಳರ ಫೋಟೋ ಕೊಟ್ಟು, ಇವರನ್ನು ಒಳಗೆ ಬಿಡಬೇಡ ಎಂದಿರಿ ಎಂದುಕೊಳ್ಳಿ. ಸಂಜೆ ಆತ ಬಂದು ಯಾರೂ ಬರಲಿಲ್ಲ ಎಂದರೆ ಆ ಹತ್ತು ಮಂದಿ ಬರಲಿಲ್ಲ ಎಂದು ಅರ್ಥ. ಹನ್ನೊಂದನೆಯ ಕಳ್ಳ ಹೆಣ್ಣಿನ ಕಡೆಯವರ ಜೊತೆ ಊಟ ಮಾಡಿ ಹೋಗಿರಬಹುದು.

ನಮ್ಮ ಮಗುವಿನ ವಿಷಯದಲ್ಲಿ ಆದದ್ದು ಇದೇ. ಅಸಿನೆಟೋಬ್ಯಾಕ್ಟರ್ ಎಂಬುದು ಆಸ್ಪತ್ರೆಗಳಲ್ಲಿ ಮನೆಮಾಡಿಕೊಂಡಿರುವ ರೋಗಾಣು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಇದೇ, ಶೇಕಡಾ 22. ಆಮೇಲೆ ಕ್ಲೆಬ್ಸಿಯೆಲ್ಲಾ, ಆಮೇಲೆ ಇ-ಕೊಲೈ. ಸಿಕ್ಕ ಅಸಿನೆಟೋಬ್ಯಾಕ್ಟರ್‌ಗಳಲ್ಲಿ ಶೇಕಡಾ 82 ಹಲವು ಔಷಧಿಗಳಿಗೆ ಬಗ್ಗದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಸ್ಪತ್ರೆ ಜಾಲದ ವಾರ್ಷಿಕ ವರದಿಗಳಲ್ಲಿ, ಎಲ್ಲ ವಯಸ್ಸಿನ ರೋಗಿಗಳನ್ನೂ ಸೇರಿಸಿ, ಮೆರೊಪೆನೆಮ್ ಗುಂಪಿನ ಔಷಧಿಗೆ ಜಗ್ಗದ ಅಸಿನೆಟೋಬ್ಯಾಕ್ಟರ್‌ಗಳು ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ಎಂಬತ್ತನ್ನೂ ದಾಟಿವೆ. ನಮ್ಮ ದೇಶದಲ್ಲಿ ಈ ರೋಗಾಣುವಿಗೆ ಆ ಶಕ್ತಿ ಬರುವುದು ಹೆಚ್ಚಾಗಿ ಆಕ್ಸಾ-23 ಎಂಬ ಜೀನ್‌ನಿಂದ. ಮೇಲೆ ಹೇಳಿದ ಹತ್ತು ಜೀನ್‌ಗಳ ಪಟ್ಟಿಯಲ್ಲಿ ಆಕ್ಸಾ-23 ಇಲ್ಲ! ಆಕ್ಸಾ-48 ಇದೆ. ಹೆಸರು ಒಂದೇ ಮನೆತನದ್ದು, ಮನುಷ್ಯ ಬೇರೆ. ಅದೂ ಅಸಿನೆಟೋಬ್ಯಾಕ್ಟರ್‌ಗೆ ‘ಅನ್ವಯಿಸುವುದಿಲ್ಲ’ ಎಂದೇ ಬರುತ್ತದೆ. ನಾನು ಸಿಹಿ ಸುದ್ದಿ ಎಂದು ಓದಿದ ಐದು ಸಾಲು ಅವು.

ಡಾಕ್ಟರಮ್ಮನಿಗೆ ಇದು ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತಮ್ಮ ವಾರ್ಡಿನಲ್ಲಿ ಹಿಂದಿನ ವರ್ಷ ಯಾವ ರೋಗಾಣು ಯಾವ ಔಷಧಿಗೆ ಬಗ್ಗಿತು, ಯಾವುದಕ್ಕೆ ಬಗ್ಗಲಿಲ್ಲ ಎಂಬ ಲೆಕ್ಕ ಅವರ ಮೇಜಿನ ಗಾಜಿನ ಕೆಳಗೆ ಇತ್ತು. ಒಂದು ಹಾಳೆಯ ಲೆಕ್ಕ ಅದು. ಯಂತ್ರದ ಹತ್ತು ಸಾಲಿಗಿಂತ ಆ ಹಾಳೆಯನ್ನು ಅವರು ಹೆಚ್ಚು ನಂಬಿದರು.

ಪಟ್ಟಿ ದೊಡ್ಡದಾದರೆ ಸಮಸ್ಯೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಸ್ವಲ್ಪ ಮಟ್ಟಿಗೆ ಮುಗಿಯುತ್ತದೆ, ಪೂರ್ತಿಯಾಗಿ ಅಲ್ಲ. ರೋಗಾಣು ಔಷಧಿಯಿಂದ ತಪ್ಪಿಸಿಕೊಳ್ಳುವುದಕ್ಕೆ ಹೊರಗಿನಿಂದ ಜೀನ್ ತಂದುಕೊಳ್ಳಲೇಬೇಕೆಂದಿಲ್ಲ. ಔಷಧಿ ಒಳಗೆ ಬರುವ ಬಾಗಿಲನ್ನೇ ಮುಚ್ಚಿಕೊಳ್ಳಬಹುದು. ಸ್ಯೂಡೊಮೊನಾಸ್ ಎಂಬ ರೋಗಾಣು ಮಾಡುವುದು ಹೆಚ್ಚಾಗಿ ಇದನ್ನೇ. ಅಥವಾ ಒಳಗೆ ಬಂದ ಔಷಧಿಯನ್ನು ಬಂದ ಹಾಗೆಯೇ ಹೊರಗೆ ಎತ್ತಿ ಹಾಕಬಹುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ದಂಡೆಯ ಹಳ್ಳಿಗಳಲ್ಲಿ ಜನ ಮನೆಗೆ ನುಗ್ಗಿದ ನೀರನ್ನು ಬಕೆಟ್ಟಿನಿಂದ ಎತ್ತಿ ಹಾಕಿದ ಹಾಗೆ. ಬಾಗಿಲು, ಬಕೆಟ್ಟು ಎರಡೂ ರೋಗಾಣುವಿನ ಮನೆಯೊಳಗಿನ ಸಾಮಾನುಗಳು. ಕಳ್ಳರ ಫೋಟೋ ಹಿಡಿದವನಿಗೆ ಅವು ಕಾಣುವುದೇ ಇಲ್ಲ.

ಕೊಲಿಸ್ಟಿನ್‌ನದ್ದೂ ಅದೇ ಕಥೆ. ಎಂಸಿಆರ್-1 ಎಂಬ ಜೀನ್ ಆ ಕೊನೆಯ ಔಷಧಿಯನ್ನೂ ಸೋಲಿಸುತ್ತದೆ ಎಂದು ಚೀನಾದಿಂದ 2015ರಲ್ಲಿ ವರದಿ ಬಂದಾಗ ಜಗತ್ತೆಲ್ಲ ಗಾಬರಿಯಾಯಿತು. ಆ ಜೀನ್ ಪಟ್ಟಿಗೆ ಸೇರಿತು. ಆದರೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕೊಲಿಸ್ಟಿನ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾಗಳಲ್ಲಿ ಎಂಸಿಆರ್-1 ಸಿಗುವುದು ಅಪರೂಪ. ಅವು ತಮ್ಮದೇ ಜೀನ್‌ಗಳಲ್ಲಿ ಸಣ್ಣ ತಿದ್ದುಪಡಿ ಮಾಡಿಕೊಂಡಿರುತ್ತವೆ. ಇಲ್ಲಿಯ ರೋಗಿಗೆ ಎಂಸಿಆರ್-1 ‘ಪತ್ತೆಯಾಗಿಲ್ಲ’ ಎಂಬ ಸಾಲಿನಿಂದ ಕೊಲಿಸ್ಟಿನ್ ಬಗ್ಗೆ ಏನೂ ತಿಳಿಯುವುದಿಲ್ಲ ಎಂದರೂ ನಡೆಯುತ್ತದೆ.

ನಮ್ಮ ಭಾಗದಲ್ಲಿ ಹೆಚ್ಚು ಕಾಡುವ ಟೈಫಾಯಿಡ್ ಜ್ವರವನ್ನೇ ತೆಗೆದುಕೊಳ್ಳಿ. ಅದೂ ರಕ್ತದ ಸೋಂಕೇ. ಯಂತ್ರ ‘ಸಾಲ್ಮೊನೆಲ್ಲಾ’ ಎಂದು ಹೇಳುತ್ತದೆ, ಸರಿ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಕಾಣಿಸಿಕೊಂಡ, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನಿಗೂ ಬಗ್ಗದ ಟೈಫಾಯಿಡ್ ಆದರೆ ಅದನ್ನೂ ಹಿಡಿಯುತ್ತದೆ. ಏಕೆಂದರೆ ಅದರ ಹಿಂದಿರುವ ಸಿಟಿಎಕ್ಸ್-ಎಂ ಜೀನ್ ಪಟ್ಟಿಯಲ್ಲಿದೆ. ಆದರೆ ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಕಡಲೆಯಂತೆ ಮಾರಾಟವಾದ ಸಿಪ್ರೋಫ್ಲಾಕ್ಸಾಸಿನ್ ಗುಳಿಗೆಗೆ ಈ ರೋಗಾಣು ಬಗ್ಗದಿರುವುದು ಅದರ ಸ್ವಂತ ಜೀನ್‌ನ ಒಂದೆರಡು ಅಕ್ಷರ ಬದಲಾದದ್ದರಿಂದ. ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಭಾರತದಲ್ಲಿ ಈಗ ಬಹುಪಾಲು ಟೈಫಾಯಿಡ್‌ಗೆ ಸಿಪ್ರೋಫ್ಲಾಕ್ಸಾಸಿನ್ ನಾಟುವುದಿಲ್ಲ. ನಿರೋಧಕ ಜೀನ್ ಪತ್ತೆಯಾಗಿಲ್ಲ ಎಂಬ ರಿಪೋರ್ಟ್ ಕೈಯಲ್ಲಿ ಹಿಡಿದು ಅದೇ ಗುಳಿಗೆ ನುಂಗಿದರೆ ಜ್ವರ ಇಳಿಯುವುದೇ?

ಕೆಲವು ಜ್ವರಗಳ ಹೆಸರನ್ನೂ ಈ ಪಟ್ಟಿ ಕೇಳುವುದಿಲ್ಲ. ಕೃಷ್ಣೆ ಮತ್ತು ಭೀಮೆಯ ನಡುವಿನ ನಮ್ಮ ಸೀಮೆಯಲ್ಲಿ ಕುರಿ, ಮೇಕೆ ಇಲ್ಲದ ಹಳ್ಳಿಯಿಲ್ಲ. ಸುರಪುರ ದಾಟಿದರೆ ವಿಜಯಪುರ ಜಿಲ್ಲೆ. ಅಲ್ಲಿಯ ಬಿಎಲ್‌ಡಿಇ ವೈದ್ಯಕೀಯ ಕಾಲೇಜಿನ ಡಾ. ಬಿ.ಜಿ. ಮಂತೂರ ಮತ್ತು ಸಂಗಡಿಗರು ಜ್ವರದಿಂದ ಬಂದ ಮಕ್ಕಳ ರಕ್ತ ಪರೀಕ್ಷಿಸಿ, 93 ಮಕ್ಕಳಲ್ಲಿ ಬ್ರುಸೆಲ್ಲಾ ಜ್ವರ ಇದ್ದುದನ್ನು 2004ರಲ್ಲಿ ಪ್ರಕಟಿಸಿದರು. 2006ರಲ್ಲಿ, ಹದಿನಾರು ವರ್ಷಗಳ ಅವಧಿಯಲ್ಲಿ ಕಂಡ 495 ವಯಸ್ಕ ರೋಗಿಗಳ ವಿವರ ಬಂತು. ಹಸಿ ಹಾಲಿನಿಂದ, ಮೇಕೆಯ ಹೆರಿಗೆ ಮಾಡಿಸಿದ ಕೈಯಿಂದ ಬರುವ ಜ್ವರ ಇದು. ವಾರಗಟ್ಟಲೆ ಬಂದು ಹೋಗಿ ಮಾಡುತ್ತದೆ, ಕೀಲು ನೋಯಿಸುತ್ತದೆ. ಬಾಟಲಿಯಲ್ಲಿ ಬಹಳ ನಿಧಾನವಾಗಿ ಬೆಳೆಯುತ್ತದೆ. ಆ 33 ರೋಗಾಣುಗಳಲ್ಲಿ ಬ್ರುಸೆಲ್ಲಾ ಇಲ್ಲ. ಅಮೆರಿಕದ ಆಸ್ಪತ್ರೆಗೆ ಅದು ಬೇಕಾಗಲಿಲ್ಲವೋ ಏನೋ, ನಮ್ಮ ಕುರಿಗಾಹಿಗಳಿಗೆ ಬೇಕಾಗಿತ್ತು. ಮನೆಯಲ್ಲಿ ಜಾನುವಾರು ಇದ್ದರೆ, ಹಸಿ ಹಾಲು ಕುಡಿಯುವ ರೂಢಿಯಿದ್ದರೆ, ಡಾಕ್ಟರು ಕೇಳದಿದ್ದರೂ ಹೇಳಿ.

‘ಪತ್ತೆಯಾಗಿದೆ’ ಎಂದರೆ?

ಇದು ಸ್ವಲ್ಪ ವಾಸಿ. ಎನ್‌ಡಿಎಂ ಜೀನ್ ಪತ್ತೆಯಾಗಿದೆ ಎಂದು ಬಂದರೆ ಮೆರೊಪೆನೆಮ್‌ಗೆ ಕಾಯುತ್ತ ಕೂರುವುದು ಬೇಡ ಎಂದು ಡಾಕ್ಟರಿಗೆ ಎರಡು ದಿನ ಮೊದಲೇ ತಿಳಿಯುತ್ತದೆ. ಆ ಎರಡು ದಿನಗಳಲ್ಲಿ ಎಷ್ಟೋ ಜೀವ ಉಳಿಯಬಹುದು. (ಎನ್‌ಡಿಎಂನಲ್ಲಿರುವ ‘ಎನ್‌ಡಿ’ ಎಂದರೆ ನ್ಯೂ ಡೆಲ್ಲಿ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕ ಜೀನ್‌ಗೆ 2009ರಲ್ಲಿ ಆ ಹೆಸರಿಟ್ಟರು. ನಮ್ಮ ರಾಜಧಾನಿಯ ಹೆಸರನ್ನು ರೋಗಾಣುವಿನ ಕೊರಳಿಗೆ ಕಟ್ಟಿದರೆಂದು ಆಗ ದೊಡ್ಡ ಗಲಾಟೆಯಾಯಿತು.) ಸ್ಟೆಫೈಲೊಕಾಕಸ್ ಔರಿಯಸ್ ಎಂಬ ರೋಗಾಣುವಿನಲ್ಲಿ ಮೆಕ್-ಎ ಜೀನ್ ಇದೆಯೇ ಇಲ್ಲವೇ ಎಂಬ ಉತ್ತರವಂತೂ ಬಹುತೇಕ ಎರಡೂ ಕಡೆಗೆ ನಂಬಬಹುದಾದದ್ದು. ಯಂತ್ರ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ.

ಆದರೂ ಇಲ್ಲಿಯೂ ಎಡವುವ ಜಾಗಗಳಿವೆ. ರಕ್ತ ತೆಗೆಯುವಾಗ ಚರ್ಮವನ್ನು ಸರಿಯಾಗಿ ಒರೆಸದಿದ್ದರೆ ಚರ್ಮದ ಮೇಲಿನ ನಿರುಪದ್ರವಿ ರೋಗಾಣು ಬಾಟಲಿಗೆ ಇಳಿಯುತ್ತದೆ. ಅದರಲ್ಲಿಯೂ ಮೆಕ್-ಎ ಇರುವುದು ಮಾಮೂಲು. ಆಗ ರಿಪೋರ್ಟ್ ನೋಡಿ ಎಲ್ಲರೂ ಬೆಚ್ಚಿಬಿದ್ದು, ಬೇಡದ ಔಷಧಿ ಶುರುವಾಗುತ್ತದೆ. ಯಂತ್ರಕ್ಕೆ ಸತ್ತ ರೋಗಾಣುವೂ ಒಂದೇ, ಬದುಕಿದ್ದೂ ಒಂದೇ. ಎರಡು ರೋಗಾಣುಗಳು ಒಟ್ಟಿಗೆ ಇದ್ದಾಗ ನಿರೋಧಕ ಜೀನ್ ಯಾವುದರ ಜೇಬಿನಲ್ಲಿದೆ ಎಂದು ಅದು ಹೇಳಲಾರದು. ಇನ್ನು ಜೀನ್ ಇದ್ದರೂ ರೋಗಾಣು ಅದನ್ನು ಬಳಸದೆ ಇಟ್ಟಿರಬಹುದು. ಮನೆಯಲ್ಲಿ ಬಿರಿಯಾನಿ ಮಾಡುವ ಪುಸ್ತಕ ಇದೆ ಎಂದ ಮಾತ್ರಕ್ಕೆ ಒಲೆಯ ಮೇಲೆ ಬಿರಿಯಾನಿ ಇರುವುದಿಲ್ಲವಲ್ಲ. ಮತ್ತೊಂದು, ಎಷ್ಟು ಪ್ರಮಾಣದ ಔಷಧಿಗೆ ರೋಗಾಣು ಸಾಯುತ್ತದೆ ಎಂಬ ಅಳತೆ ಈ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಮಗುವಿಗೆ ಎಷ್ಟು ಡೋಸ್ ಎಂದು ನಿರ್ಧರಿಸುವವರಿಗೆ ಅದು ಬೇಕು.

ಪಟ್ಟಿಯ ಪರೀಕ್ಷೆಯನ್ನು ಮಾತ್ರ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕ್ಷಯರೋಗದ ಒಂದು ಘಟನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫಕ್ಕೆ ಮಾಡುವ ಸಿಬಿನ್ಯಾಟ್ ಪರೀಕ್ಷೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಅದರ ದೇಶಿ ತಮ್ಮ. ಇವು ಬಂದ ಮೇಲೆ ಲಕ್ಷಾಂತರ ಜನರಿಗೆ ಉಪಕಾರವಾಗಿದೆ. ಆದರೆ ಆಫ್ರಿಕಾದ ಸ್ವಾಜಿಲ್ಯಾಂಡಿನಲ್ಲಿ (ಈಗಿನ ಹೆಸರು ಎಸ್ವಾಟಿನಿ) 2009ರಲ್ಲಿ ಸಂಗ್ರಹಿಸಿದ ಬಹು ಔಷಧ ನಿರೋಧಕ ಕ್ಷಯದ ರೋಗಾಣುಗಳನ್ನು ಆಮೇಲೆ ಪರೀಕ್ಷಿಸಿ ನೋಡಿದರೆ, ಸುಮಾರು ನೂರಕ್ಕೆ 30ರಲ್ಲಿ ರಿಫಾಂಪಿಸಿನ್ ಔಷಧಿಯನ್ನು ತಪ್ಪಿಸುವ ಬದಲಾವಣೆ, ಸಿಬಿನ್ಯಾಟ್ ನೋಡುವ ಜಾಗದ ಸ್ವಲ್ಪ ಆಚೆಗೆ ಇತ್ತು! 2015ರಲ್ಲಿ ಇದು ಪ್ರಕಟವಾಯಿತು. ಯಂತ್ರದ ಲೆಕ್ಕದಲ್ಲಿ ಅಂಥವರಿಗೆ ಸಾಧಾರಣ ಕ್ಷಯ. ಸಾಧಾರಣ ಔಷಧಿ ನುಂಗುತ್ತ ಅವರು ಗುಣವಾಗದೆ ಮನೆಮಂದಿಗೂ ಹರಡುತ್ತಾರೆ. ಪರೀಕ್ಷೆಗೆ ಸಿಗದ ರೋಗಾಣುವಿಗೆ ಆ ಪರೀಕ್ಷೆಯೇ ದಾರಿ ಬಿಟ್ಟುಕೊಟ್ಟ ಹಾಗೆ.

ಇನ್ನು ಯಂತ್ರದಿಂದ ಜೀವ ಉಳಿಯುತ್ತದೆಯೇ ಎಂಬ ನೇರ ಪ್ರಶ್ನೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ರಕ್ತದ ಬಾಟಲಿಯಲ್ಲಿ ರೋಗಾಣು ಬೆಳೆದ 617 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದರು. ಮೊದಲ ಗುಂಪಿಗೆ ಹಳೆಯ ಕ್ರಮ. ಎರಡನೆಯದಕ್ಕೆ ಬೇಗ ಬರುವ ಜೀನ್ ಪರೀಕ್ಷೆ. ಮೂರನೆಯದಕ್ಕೆ ಪರೀಕ್ಷೆಯ ಜೊತೆಗೆ, ರಿಪೋರ್ಟ್ ಬಂದ ಕೂಡಲೇ ಓದಿ ಔಷಧಿ ಬದಲಿಸಲು ಸಲಹೆ ಕೊಡುವ ತಜ್ಞರ ತಂಡ. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ಬೇಡದ ಔಷಧಿ ಬೇಗ ನಿಂತದ್ದು ಮುಖ್ಯವಾಗಿ ಮೂರನೆಯ ಗುಂಪಿನಲ್ಲಿ. ಸಾವಿನ ಸಂಖ್ಯೆಯಲ್ಲಿ ಮಾತ್ರ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ಎರಡಕ್ಕೆ ಬಂದ ರಿಪೋರ್ಟ್ ಬೆಳಿಗ್ಗೆ ಹತ್ತರವರೆಗೆ ಕಂಪ್ಯೂಟರಿನಲ್ಲಿಯೇ ಮಲಗಿದ್ದರೆ ಒಂದು ಗಂಟೆಯ ಯಂತ್ರಕ್ಕೂ ಒಂಬತ್ತು ಗಂಟೆಯ ಯಂತ್ರಕ್ಕೂ ಏನು ಭೇದ?

ಹಾಗಾಗಿ ಯಾದಗಿರಿಯಂತಹ ಜಿಲ್ಲೆಗೆ ಏನು ಬೇಕು ಎಂದು ನನ್ನನ್ನು ಕೇಳಿದರೆ, ಲಕ್ಷಗಟ್ಟಲೆಯ ಯಂತ್ರಕ್ಕಿಂತ ಮೊದಲು ಬಾಟಲಿ ಬೇಕು ಎನ್ನುತ್ತೇನೆ. 2009ರ ಡಿಸೆಂಬರಿನಲ್ಲಿ ಜಿಲ್ಲೆಯಾದ ಊರು ನಮ್ಮದು. ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಹಗಲು ರಾತ್ರಿ ನಡೆಯುವ ಕಲ್ಚರ್ ಲ್ಯಾಬು, ಅದನ್ನು ಓದುವ ಒಬ್ಬ ತಜ್ಞರು, ಪ್ರತಿ ವರ್ಷ ನಮ್ಮ ಜಿಲ್ಲೆಯದೇ ರೋಗಾಣುಗಳ ಒಂದು ಹಾಳೆಯ ಲೆಕ್ಕ. ಶಹಾಪುರದ, ವಡಗೇರಾದ ಡಾಕ್ಟರುಗಳ ಮೇಜಿನ ಗಾಜಿನ ಕೆಳಗೂ ಆ ಹಾಳೆ ಇರಬೇಕು. ಅದರ ಮೇಲೆ ಯಂತ್ರ ಬಂದರೆ ಬರಲಿ, ಬೇಡ ಎನ್ನುವವರಾರು?

ಮನೆಯವರ ಪಾಲಿನದು

ನಮ್ಮ ಕೈಯಲ್ಲಿ ಇರುವುದು ಸ್ವಲ್ಪವೇ. ಆದರೆ ಅದು ಇದೆ. ಹಾಲು ಕುಡಿಯಲೊಲ್ಲದ, ಮೈ ತಣ್ಣಗಾದ ಅಥವಾ ಸುಡುವ, ಎದೆಗೂಡು ಒಳಸೇರುವಂತೆ ಉಸಿರಾಡುವ, ಎಬ್ಬಿಸಿದರೂ ಏಳದ ಹಸುಳೆಯನ್ನು ಮನೆಯಲ್ಲಿ ಇಟ್ಟುಕೊಂಡು ಬೆಳಗಾಗಲಿ ಎಂದು ಕಾಯಬಾರದು. ಬಾಣಂತಿಗೆ ಚಳಿ ಜ್ವರ, ದುರ್ವಾಸನೆಯ ಸ್ರಾವ ಇದ್ದರೆ ನಲವತ್ತು ದಿನ ಹೊರಗೆ ಹೋಗಬಾರದೆಂಬ ಮಾತನ್ನು ಬದಿಗಿಡಬೇಕು. ಆಸ್ಪತ್ರೆಗೆ ಹೋಗುವಾಗ ಆಗಲೇ ಕೊಟ್ಟ ಔಷಧಿಗಳ ಖಾಲಿ ಪಟ್ಟಿಗಳನ್ನು, ಸಿರಪ್ಪಿನ ಸೀಸೆಯನ್ನು ಜೊತೆಗೆ ಒಯ್ಯಿರಿ. ಯಾವ ಡೋಸ್ ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು, ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಯಾಕೆ ಬೆಳೆಯಲಿಲ್ಲ ಎಂದು ಆಗ ತಿಳಿಯುತ್ತದೆ. ಮೊದಲ ಆ್ಯಂಟಿಬಯೋಟಿಕ್‌ಗೆ ಮುಂಚೆ ಕಲ್ಚರ್‌ಗೆ ರಕ್ತ ತೆಗೆದಿರಾ ಎಂದು ವಿನಯದಿಂದ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ರೋಗಿ ತೀರ ಕುಸಿದಿದ್ದರೆ ರಕ್ತಕ್ಕಾಗಿ ಔಷಧಿಯನ್ನು ತಡೆದು ನಿಲ್ಲಿಸುವ ಹಟ ಬೇಡ.

ಜೀನ್ ಪರೀಕ್ಷೆ ಮಾಡಿಸಿದರೆಂದು ಕಲ್ಚರ್ ಬೇಡವೆನ್ನಬೇಡಿ. ಎರಡು ರಿಪೋರ್ಟಿಗೆ ಎರಡು ಬಿಲ್ಲು ಯಾಕೆ ಎಂದು ನಮ್ಮವರು ಕೇಳಿದ್ದರು. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಎಂದು ಈಗ ಗೊತ್ತಾಗಿದೆ. ಮತ್ತು ದಯವಿಟ್ಟು ಮಿಕ್ಕ ಮಾತ್ರೆಗಳನ್ನು ಪಕ್ಕದ ಮನೆಯ ಮಗುವಿಗೆ ಕೊಡಬೇಡಿ. ಸೆಫಿಕ್ಸಿಮ್‌ನಂತಹ ಹಲವು ಆ್ಯಂಟಿಬಯೋಟಿಕ್‌ಗಳನ್ನು 2014ರಿಂದ ಎಚ್-1 ಪಟ್ಟಿಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ಕಾನೂನಾಗಿದೆ. ಎಷ್ಟು ಅಂಗಡಿಗಳಲ್ಲಿ ಆ ಪುಸ್ತಕ ಇದೆಯೋ, ನೀವೇ ನೋಡಿದ್ದೀರಿ.

ಇನ್ನು ನಮ್ಮ ಮಗುವಿನ ವಿಷಯ. ಮೂರನೆಯ ದಿನ ಕಲ್ಚರ್‌ನ ಪೂರ್ಣ ರಿಪೋರ್ಟ್ ಬಂತು. ಮೆರೊಪೆನೆಮ್: ನಾಟುವುದಿಲ್ಲ. ಸಾಲು ಸಾಲಾಗಿ ಹನ್ನೊಂದು ಔಷಧಿಗಳ ಮುಂದೆ ಅದೇ ಮಾತು. ಕೊಲಿಸ್ಟಿನ್ ಒಂದಕ್ಕೆ ರೋಗಾಣು ಬಗ್ಗುವಂತಿತ್ತು. ಆ ಔಷಧಿ ಅಷ್ಟು ಹೊತ್ತಿಗಾಗಲೇ ಎರಡು ದಿನದಿಂದ ಮಗುವಿನ ಮೈಯಲ್ಲಿತ್ತು. ನನ್ನ ಮಾತು ನಡೆದಿದ್ದರೆ ಇರುತ್ತಿರಲಿಲ್ಲ. ಅಳಿಯ ಆ ರಿಪೋರ್ಟಿನ ಫೋಟೋವನ್ನೂ ನನಗೆ ಕಳಿಸಿದ, ಕೆಳಗೆ ಏನೂ ಬರೆದಿರಲಿಲ್ಲ. ನಾನೂ ಫೋನ್ ಮಾಡಲಿಲ್ಲ. ಇಶಾ ನಮಾಜಿನ ನಂತರ ಬಹಳ ಹೊತ್ತು ಹಾಸಿನ ಮೇಲೆಯೇ ಕುಳಿತಿದ್ದೆ.

ಇಪ್ಪತ್ತಾರು ದಿನಗಳ ನಂತರ ಮಗು ಮನೆಗೆ ಬಂತು. ಮೂತ್ರಪಿಂಡಕ್ಕೆ ತೊಂದರೆಯಾಗಲಿಲ್ಲ. ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು: ಗಾಜಿನ ಪೆಟ್ಟಿಗೆಯಲ್ಲಿ ಇಷ್ಟು ದಿನ ಇದ್ದು, ರಕ್ತದ ಸೋಂಕಿಗೆ ಭಾರಿ ಔಷಧಿ ಪಡೆದ ಕೂಸುಗಳಿಗೆ ಮೂರು ತಿಂಗಳೊಳಗೆ ಕಿವಿಯ ಪರೀಕ್ಷೆ ಆಗಲೇಬೇಕು, ಮರೆಯಬೇಡಿ ಎಂದು. ಮಗು ನಗುತ್ತಿದೆ, ತಿರುಗಿ ನೋಡುತ್ತಿದೆ, ಇನ್ನೇಕೆ ಪರೀಕ್ಷೆ ಎಂದು ಮನೆಯವರು ಅಂದುಕೊಂಡರು. ಈ ಸಲ ನಾನೇ ತಂಗಿಯ ಮಗಳ ಜೊತೆ ಬಸ್ಸು ಹತ್ತಿದೆ. ಮಗುವನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ಅರ್ಧ ಗಂಟೆ ನೋಡಿದರು. ಎರಡೂ ಕಿವಿ ಸರಿಯಾಗಿವೆ ಎಂದು ಹಾಳೆ ಕೊಟ್ಟರು. ಕೆಳಗೆ ಏನಾದರೂ ಸಣ್ಣಕ್ಷರ ಇದೆಯೇ ಎಂದು ನಾನು ಎರಡು ಸಲ ನೋಡಿದೆ. ಒಂದು ವರ್ಷದ ನಂತರ ಮತ್ತೊಮ್ಮೆ ಕರೆದುಕೊಂಡು ಬನ್ನಿ ಎಂದಿತ್ತು. ಆಗಲೂ ಕರೆದುಕೊಂಡು ಹೋಗಿದ್ದೆವು.